ಇಪ್ಪತ್ತೆರಡು ಮಾರು

ಬನವಾಸಿ ರಸ್ತೆ, ಶಿರಸಿ
14 ಡಿಸೆಂಬರ್ 2025, ರವಿವಾರ

ಗಿರಿಜಾ,

ನಿನಗ, ಶಿಲ್ಪಾಗ, ಕೂಸಿಗ ನನ್ನ ಶರಣು, ಆಶೀರ್ವಾದ. ಯಾರಿಗೆ ಯಾವುದು ಸಲ್ಲಬೇಕೋ ಹಂಚಿಕೊಳ್ರಿ. ಅಳಿಯ ಗಿರೀಶನ ಕೈಯಾಗ ನೀ ಕೊಟ್ಟು ಕಳಿಸಿದ ಚೀಟಿ ಮುಟ್ಟಿ ಮೂರು ವಾರ ಆತು. ಉತ್ತರ ಬರೀಲಿಲ್ಲ, ತಪ್ಪಾತು. ಎರಡು ಸಲ ಬರೀಲಿಕ್ಕೆ ಕುಂತೆ, ಎರಡು ಸಲನೂ ನಿನ್ನ ಹೆಸರು ಬರೆದು ಎದ್ದುಬಿಟ್ಟೆ.

ಫೋನು ಇರುವಾಗ ಕಾಗದ ಯಾಕಂತ ಕೇಳ್ತಿ. ಫೋನಿನಾಗ ನೀ ‘ಊಟ ಆತೇನ್ರಿ’ ಅಂತಿ, ನಾ ‘ಆತು’ ಅಂತೀನಿ, ಅಷ್ಟೊತ್ತಿಗೆ ಕೂಸು ಅಳತೈತಿ, ಮುಗೀತು. ಮ್ಯಾಲೆ ಶಿಲ್ಪಾ ಸ್ಪೀಕರಿಗೆ ಹಾಕಿಡ್ತಾಳ. ಈ ಮಾತು ಆಕಿ ಕೇಳೋದು ಬ್ಯಾಡ. ನಾ ಮುಂಬೈದಾಗ ಇದ್ದಾಗ ನಮ್ಮ ಅರ್ಧ ಸಂಸಾರ ಇನ್‌ಲ್ಯಾಂಡ್ ಲೆಟರಿನಾಗ ನಡೀತಲ್ಲ, ಹಂಗ ತಿಳಕೋ.

ಹೆರಿಗೆಗೆ ಮಗಳು ತವರಿಗೆ ಬರೋದು ಬಿಟ್ಟು ತವರೇ ಗಂಟು ಕಟ್ಟಿಕೊಂಡು ಹುಬ್ಬಳ್ಳಿಗೆ ಹೋತು ಅಂತ ಓಣಿಯವರು ಇನ್ನೂ ನಗತಾರ. ಡಾಕ್ಟರು ಶಿಲ್ಪಾಗ ಹಾಸಿಗಿ ಬಿಟ್ಟು ಏಳಬ್ಯಾಡ ಅಂದಮ್ಯಾಲೆ ಏನು ಮಾಡೋದಿತ್ತು? ಕೂಸಿಗೆ ಸಮೃದ್ಧಿ ಅಂತ ಹೆಸರಿಟ್ಟದ್ದು ನನಗ ಭಾಳ ಹಿಡಿಸ್ತು. ಫೋಟೊದಾಗ ಮೂಗು ನಿನ್ನದೇ ಐತಿ, ಸಿಟ್ಟೂ ನಿನ್ನದೇ ಇರಲಿ ಅಂತ ಬೇಡ್ಕೋತೀನಿ. ನನ್ನ ಸಿಟ್ಟು ಯಾರಿಗೂ ಬ್ಯಾಡ.

ಮನಿ ಹಂಗ ಐತಿ. ನಿನ್ನ ಹೊಲಿಗಿ ಮಷಿನ್ನಿಗೆ ಬಟ್ಟಿ ಮುಚ್ಚೀನಿ. ವೀರಪ್ಪನ ಹೆಂಡತಿ ಮೂರು ಸಲ ಬಂದು ಹೋದ್ಲು. ‘ಅಕ್ಕಾರು ರವಿಕಿ ಕತ್ತರಿಸಿ ಹಂಗ ಬಿಟ್ಟು ಹೋಗ್ಯಾರ, ಯಾವಾಗ ಬರ್ತಾರ್ರೀ’ ಅಂತ ಕೇಳ್ತಾಳ. ನನಗೂ ಗೊತ್ತಿಲ್ಲವ್ವ ಅಂತ ಹೇಳಿದೆ. ರೊಟ್ಟಿ ಬಡಿಯೋ ಸಾಹಸ ಬಿಟ್ಟೀನಿ. ಅನ್ನ, ಸಾರು, ನೀ ಇಟ್ಟು ಹೋದ ಚಟ್ನಿಪುಡಿ ಮ್ಯಾಲೆ ಬಂಡಿ ಓಡತೈತಿ.

ಈಗ ಸುದ್ದಿ ಹೇಳ್ತೀನಿ. ನವೆಂಬರ್ ಮೂವತ್ತಕ್ಕ ಸಿದ್ದಾಪುರದಾಗ ಕಮಲಾಕರನ ಪುಸ್ತಕ ಬಿಡುಗಡೆ ಆತು. ನಮ್ಮ ಕಮಲಾಕರ, ಇನ್ಯಾರು? ಶಿರಸಿಯ ಹೈಸ್ಕೂಲಿನಾಗ ನನ್ನ ಬೆಂಚಿನಾಗ ಕುಂತವ, ಮುಂದ ಸಿದ್ದಾಪುರದಾಗ ವಿಜ್ಞಾನದ ಮಾಸ್ತರ ಆದವ. ರಿಟೈರ್ ಆದಮ್ಯಾಲೆ ಪ್ರತಿ ಗುರುವಾರ ನಮ್ಮ ಮನಿಗೆ ಬಂದು ನಿನ್ನ ಕೈಯ ಎಣ್ಣೆಗಾಯಿ ಉಂಡು, ‘ಗಿರಿಜಕ್ಕಾ, ಇನ್ನೊಂದು ರೊಟ್ಟಿ’ ಅನ್ನವ. ಪುಸ್ತಕದ ಹೆಸರು ‘ವಿಮಾನದ ಮನೆತನ’. ಮುಖಪುಟದ ಮ್ಯಾಲೆ ಅವನ ಹೆಸರು ಬೆರಳು ದಪ್ಪ ಅಕ್ಷರದಾಗ ಐತಿ.

ನನಗ ಮೂರನೇ ಸಾಲಿನಾಗ ಕುರ್ಚಿ. ವಜ್ರಳ್ಳಿ ಕಡಿ ಶಾಲೆಯ ಟೀಚರು ಪ್ರತಿಭಾ ಅಂತ ಒಬ್ಬಾಕಿ ಪುಸ್ತಕದ ಪರಿಚಯ ಮಾಡಿದ್ಲು. ಜಾಣಿ ಹುಡುಗಿ, ಕಾಗದ ನೋಡದೇ ಮಾತಾಡಿದ್ಲು. ‘ಮನುಷ್ಯರ ಹಾಗೆ ವಿಮಾನಕ್ಕೂ ಮನೆತನ ಇರ್ತದೆ. 319, 320, 321 ಅಂತ ಒಂದೇ ಮನೆಯ ಮೂವರು. ಒಬ್ಬ ಗಿಡ್ಡ, ಒಬ್ಬ ಮಧ್ಯಮ, ಒಬ್ಬ ಉದ್ದ. ಮೂವರಿಗೂ ರೆಕ್ಕೆಯ ಅಗಲ ಒಂದೇ. ಹಾಗಾದ್ರೆ ಹೆಚ್ಚು ಜನರನ್ನ ತುಂಬಿಕೊಂಡ ಉದ್ದದವನು ಮೇಲೆ ಏಳೋದು ಹೇಗೆ?’ ಅಂತ ಕೇಳಿದ್ಲು. ಆಮ್ಯಾಲೆ, ಗಿಡ್ಡನ ಒಂದೊಂದು ಇಂಜಿನ್ನಿಗೆ ಸುಮಾರು ಇಪ್ಪತ್ತಮೂರು ಸಾವಿರ ಪೌಂಡು ನೂಕುಬಲ, ನಡುವಿನವನಿಗೆ ಇಪ್ಪತ್ತೇಳು, ಉದ್ದದವನಿಗೆ ಮೂವತ್ತಮೂರು ಸಾವಿರದ ತನಕ ಅಂತ ಹೇಳಿದ್ಲು.

ಅದು ನನ್ನ ಎರಡನೇ ಅಧ್ಯಾಯ, ಗಿರಿಜಾ. ಮೂವರನ್ನ ಒಂದೇ ಮನಿಯವರು ಅಂತ ಕರೆದು, ಅದೇ ಪ್ರಶ್ನೆ ಕೇಳಿ, ಅದೇ ಜಾಗಾದಾಗ ಉತ್ತರ ಕೊಟ್ಟವ ನಾನು. ಮೂವತ್ತು ವರ್ಷ ಮುಂಬೈದ ವಿಮಾನ ದುರಸ್ತಿ ಹ್ಯಾಂಗರಿನಾಗ ಎಣ್ಣಿ ಹಚ್ಚಿಕೊಂಡು ಆ ಇಂಜಿನ್ನುಗಳ ಹೊಟ್ಟಿ ಬಿಚ್ಚಿದವ ನಾನು. ರಿಟೈರ್ ಆದ ದಿನದಿಂದ ಹನ್ನೊಂದು ವರ್ಷ ಅದನ್ನ ಬರೆದವ ನಾನು. ನಮ್ಮ ಕಡಿ ಹುಡುಗರಿಗೆ ಕನ್ನಡದಾಗ ಇಂಥದ್ದೊಂದು ಪುಸ್ತಕ ಬೇಕು, ಅದರ ಮ್ಯಾಲೆ ಬನವಾಸಿಯ ಕಲ್ಲಯ್ಯನ ಹೆಸರು ಇರಬೇಕು, ಸಾಯೋದರೊಳಗ ಇದೊಂದೇ ಆಸೆ ಅಂತ ನಿನಗ ಎಷ್ಟು ಸಲ ಹೇಳೀನಿ?

ಪ್ರತಿಭಾ ಟೀಚರು ಆಮ್ಯಾಲೆ ಪುಸ್ತಕದಿಂದ ಎರಡು ಸಾಲು ಓದಿದ್ಲು. ಹಂಗ ಬರೀತೀನಿ, ಕೇಳು. ‘ರವಿಕೆಯ ಕಟಿಂಗು ಅದೇ, ತೋಳಿನ ಅಳತೆಯೂ ಅದೇ. ತೊಡುವಾಕೆ ಮೈ ತುಂಬಿಕೊಂಡರೆ ಅಂಚಿಗೆ ಪಟ್ಟಿ ಹಚ್ಚಿ ಬಿಡಿಸಿಕೊಡಬೇಕು. ಉದ್ದದ ವಿಮಾನದ ರೆಕ್ಕೆಗೆ ಹಿಂದಿನ ಅಂಚಿನಲ್ಲಿ ಜೋಡಿ ಫ್ಲಾಪು ಕೊಟ್ಟದ್ದು ಇಂಥದ್ದೇ ಪಟ್ಟಿ.’ ಹೆಂಗಸರೆಲ್ಲ ನಕ್ಕು ಚಪ್ಪಾಳೆ ಹೊಡೆದರು. ಎರಡನೇದ್ದು, ‘ಮೂರಕ್ಕೂ ಇಂಜಿನ್ನು ಒಂದೇ. ಅದರ ಕಂಪ್ಯೂಟರಿಗೆ ಚುಚ್ಚಿದ ಮುಷ್ಟಿಯಷ್ಟು ಪ್ಲಗ್ಗು ಮಾತ್ರ ಬೇರೆ. ಪ್ಲಗ್ಗು ಹೇಳುತ್ತದೆ, ನಿನ್ನ ಬಲ ಇಷ್ಟೇ ಅಂತ. ಇಂಜಿನ್ನು ನಂಬುತ್ತದೆ. ಅಷ್ಟೇ ನೂಕುತ್ತದೆ.’ ಇದಕ್ಕ ಯಾರೂ ಚಪ್ಪಾಳೆ ಹೊಡೀಲಿಲ್ಲ. ನನ್ನ ಬಾಜೂ ಕುಂತಿದ್ದ ಒಬ್ಬ ಮುದುಕಿ ಕಣ್ಣು ಒರಸಿಕೊಂಡ್ಲು.

ಈ ಎರಡು ಸಾಲು ನಾ ಬರೆದದ್ದಲ್ಲ. ನನ್ನ ಕರಡಿನಾಗ ‘ನೂಕುಬಲದ ಮಿತಿಯನ್ನು ಪ್ಲಗ್ಗಿನ ಮೂಲಕ ನಿಗದಿಗೊಳಿಸಲಾಗುತ್ತದೆ’ ಅಂತ ಐತಿ. ಇಂಜಿನ್ನು ಏನು ನಂಬತೈತಿ, ಅದಕ್ಕೇನು ದೇವರು ದಿಂಡರು ಅದಾರೇನು? ಕಮಲಾಕರ ತನ್ನ ಕಡಿಂದ ಕಾಯಿಪಲ್ಯೆಕ್ಕ ಒಗ್ಗರಣಿ ಹಾಕ್ಯಾನ ಅಂದ್ಕೊಂಡೆ. ಒಗ್ಗರಣಿ ಛಲೋ ಆಗೈತಿ ಅಂತ ಒಪ್ಪಿಕೊಳ್ಳೋಕ ಹೊಟ್ಟಿ ಉರೀತು.

ಮುನ್ನುಡಿಯ ಕಡೀ ಸಾಲಿನಾಗ ನಾನೂ ಅದೀನಿ. ‘ವಿಮಾನ ದುರಸ್ತಿಯಲ್ಲಿ ಕೆಲಸ ಮಾಡಿದ ಮಿತ್ರ ಕಲ್ಲಯ್ಯನವರು ಕೆಲವು ಮಾಹಿತಿ ಒದಗಿಸಿದ್ದಾರೆ.’ ಕೆಲವು ಮಾಹಿತಿ! ಮದುವಿ ಮನಿಯಾಗ ಮದುಮಗನಿಗೆ ನೀರು ಕೊಡಾಕ ನಿಲ್ಲಿಸಿದಂಗ ಆತು. ಶಾಲು ಹೊದಿಸುವಾಗ ವೇದಿಕಿ ಮ್ಯಾಲಿಂದ ಅವ ನನ್ನ ಕಡಿ ನೋಡಿದ, ಕೈ ಮುಗಿದ. ನಾನೂ ಮುಗಿದೆ. ಅಭ್ಯಾಸ ನೋಡು, ಕೈ ತಾನೇ ಎದ್ದಿತು.

ಬುಧವಾರ ಮತ್ತ ಸಿದ್ದಾಪುರದ ಬಸ್ಸು ಹತ್ತಿದೆ. ಕಮಲಾಕರ ನನ್ನನ್ನ ನೋಡಿದವನೇ, ನಾ ಬಂದೀನಿ ಅಂತ ಒಳಗಿನವರಿಗೆ ತಮ್ಮ ಮನಿಮಾತಿನಾಗ ‘ಕಲ್ಲಯ್ಯ ಬೈಂದ, ಚಾ ಮಾಡು’ ಅಂತ ಕೂಗಿದ. ಚಾ ಬ್ಯಾಡ ಅಂದೆ. ಪುಸ್ತಕ ಅವನ ಮುಂದ ಇಟ್ಟೆ.

‘ಇದು ಯಾರದು, ಕಮಲಾಕರ?’

‘ಎಂತ ಮಾರಾಯ, ಹೆಸರು ಹಾಕಿದ್ದಲ್ಲ.’

‘ಹೆಸರು ಓದಾಕ ಬರತೈತಿ ನನಗ. ಪುಸ್ತಕ ಯಾರದು?’

ಅವ ಕನ್ನಡಕ ತೆಗೆದು ಪಂಚೆಯ ಅಂಚಿಗೆ ಒರಸಿದ. ‘ನೀನು ಅಚ್ಚು ಹಾಕಿಸ್ತಿದ್ಯನಾ? ಖರೆ ಹೇಳು. ರೆಕ್ಕೆಯ ತುದಿಗೆ ಮೇಲ್ಮುಖದ ಮಡಿಕೆ ಬಂತು, ತಡಿ, ಅದನ್ನ ಸೇರಿಸ್ತೆ ಅಂದೆ. ಹೊಸ ಇಂಜಿನ್ ಬಂತು, ತಡಿ ಅಂದೆ. ಆಮೇಲೆ ಆ 777 ಅನ್ನೋ ದೊಡ್ಡ ವಿಮಾನದ ಹಿಂದೆ ಬಿದ್ದೆ, ಅದರ ಉದ್ದದ ಮಾದರಿಗೆ ಎರಡೂ ಕಡೆ ಆರೂವರೆ ಅಡಿ ರೆಕ್ಕೆ ಜಾಸ್ತಿ ಯಾಕೆ ಕೊಟ್ರು ಅಂತ ಎರಡು ವರ್ಷ ಕಳೆದೆ. ಅವರು ವಿಮಾನ ಮಾಡೋದು ನಿಲ್ಲಿಸೋವರೆಗೆ ನಿನ್ನ ಪುಸ್ತಕ ಮುಗೀತಿರಲಿಲ್ಲ ಮಾರಾಯ.’

‘ಮುಗೀಲಿಲ್ಲಂದ್ರ ಕದೀಬೇಕೇನು?’

‘ಕದ್ದದ್ದಲ್ಲ’ ಅಂದ. ಮಾರಿ ಕೆಂಪಾಗಿತ್ತು. ‘ಕೇಳಬೇಡ ಕಲ್ಲಯ್ಯ. ಕೇಳಿದ್ರೆ ನಾನು ಹೇಳಬೇಕಾಗ್ತದೆ.’

ನಾ ಕೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಂದೆ. ಉಂಡ ಮನಿಗೆ ಎರಡು ಬಗೆದವನ ಜೋಡಿ ಏನು ಮಾತು? ಐವತ್ತು ವರ್ಷದ ಗೆಳೆತನ ಅನ್ನೋದು ನಂಬಿಸಿ ಕುತ್ತಿಗಿ ಕೊಯ್ಯಾಕ ಇಟ್ಟುಕೊಂಡ ಕುಡಗೋಲು ಆತು. ಇನ್ನು ಗುರುವಾರಕ್ಕ ಅವ ಬರೋದಿಲ್ಲ. ಬಂದ್ರ ನೀನೂ ಬಾಗಿಲು ತೆಗೀಬ್ಯಾಡ.

ಒಂದು ಮಾತು ನೆನಪಾತು, ಬರೀತೀನಿ. ತೊಂಬತ್ತೆಂಟರಾಗ ಹ್ಯಾಂಗರಿನಾಗ ಮನಿ ಮಂದಿಗೆಲ್ಲ ವಿಮಾನ ತೋರಿಸುವ ದಿನ ಇತ್ತಲ್ಲ. ಶಿಲ್ಪಾಗ ಆಗ ಐದು ವರ್ಷ. ಬ್ಯಾರೆ ಹೆಂಗಸರು ಒಳಗ ಹತ್ತಿ ಕುರ್ಚಿ ಮ್ಯಾಲೆ ಕುಂತು ಫೋಟೊ ತೆಗೆಸಿಕೊಂಡ್ರು. ನೀ 320ರ ರೆಕ್ಕಿ ಕೆಳಗ ನಿಂತು ‘ಇದು ಎಷ್ಟು ಮಾರು ಐತ್ರಿ’ ಅಂತ ಕೇಳಿದಿ. ಮೂವತ್ನಾಕು ಮೀಟರು ಅಂದೆ. ‘ಮೀಟರು ನನಗ ತಿಳಿಯೋದಿಲ್ಲ’ ಅಂದಾಕಿ, ಸೆರಗು ಸೊಂಟಕ್ಕ ಸಿಗಿಸಿ, ಬಾವಿ ಹಗ್ಗ ಅಳೀತಿ ನೋಡು, ಹಂಗ ಎರಡೂ ತೋಳು ಚಾಚಿ, ಒಂದು ತುದಿಯಿಂದ ನೆಲದ ಮ್ಯಾಲೆ ಅಳಕೋತ ಹೊಂಟಿ. ನಿನ್ನ ಬೆರಳು ಮುಟ್ಟಿದಲ್ಲಿ ಶಿಲ್ಪಾ ಹೋಗಿ ನಿಂದ್ರತಿದ್ಲು. ನಮ್ಮ ಸೂಪರ್‌ವೈಸರು, ಫಿಟ್ಟರುಗಳು ಎಲ್ಲ ಕೆಲಸ ಬಿಟ್ಟು ನೋಡಾಕ ಹತ್ತಿದ್ರು. ಆ ತುದಿ ಮುಟ್ಟಿ ‘ಇಪ್ಪತ್ತೆರಡು!’ ಅಂತ ಕೂಗಿದಿ. ಎಲ್ಲರೂ ನಕ್ಕರು. ಲೆಕ್ಕದ ಮಾರು ಆರಡಿ, ಹದಿನೆಂಟೂವರೆ ಆಗಬೇಕು, ನಿನ್ನ ತೋಳು ಗಿಡ್ಡ, ಅದಕ್ಕ ತಪ್ಪೈತಿ ಅಂತ ನಾ ಹೇಳಿದೆ. ನಾಚಿಕಿ ಆಗಿತ್ತು ನನಗ. ರಟ್ಟಿ ಹಿಡಿದು ಹೊರಗ ಕರಕೊಂಡು ಬಂದೆ. ‘ತಪ್ಪಲ್ಲರಿ, ನನ್ನ ಮಾರಿಲೆ ಇಪ್ಪತ್ತೆರಡೇ’ ಅಂತ ನೀ ಬಸ್ಸಿನಾಗ ಎರಡು ಸಲ ಹೇಳಿದಿ. ನಾ ಕಿಟಕಿ ಕಡಿ ನೋಡಿದೆ.

ಇರಲಿ. ಹಳೇ ಮಾತು.

ಶಿಲ್ಪಾಗ ಬಿಸಿನೀರೇ ಕುಡೀಲಿಕ್ಕೆ ಹೇಳು. ಕೂಸಿನ ಕಿವಿಗೆ ಎಣ್ಣಿ ಹಾಕಬ್ಯಾಡ, ಈಗಿನ ಡಾಕ್ಟರು ಬೈತಾರ. ನಿನ್ನ ಮಂಡಿನೋವಿನ ಮುಲಾಮು ಇಲ್ಲೇ ಬಿಟ್ಟು ಹೋಗೀದಿ, ಗಿರೀಶ ಬಂದ್ರ ಕಳಿಸ್ತೀನಿ. ಸಮೃದ್ಧಿ ನೂರು ವರ್ಷ ಬಾಳಲಿ, ಅಜ್ಜಿ ಹಂಗ ಕೈ ಚುರುಕಾಗಲಿ, ಅಜ್ಜನ ಹಂಗ ತಡಾ ಮಾಡೋದು ಕಲೀದಿರಲಿ. ಮಧುಕೇಶ್ವರ ನಿಮ್ಮೆಲ್ಲರನ್ನ ತಣ್ಣಗ ಇಡಲಿ.

ನಿನ್ನ
ಕಲ್ಲಯ್ಯ

ತಾ. ಕ.: ಇಷ್ಟೊತ್ತು ಕಮಲಾಕರನ್ನ ಬೈದೆ. ಅವನನ್ನ ಬೈಯೋದು ಸಸಾರ. ಆದ್ರ ಮ್ಯಾಲೆ ಒಂದು ಸುಳ್ಳು ಬರೆದೀನಿ. ಕೇಳಲಿಲ್ಲ ಅಂದೆ. ಕೇಳಿದೆ, ಗಿರಿಜಾ. ಚಪ್ಪಲಿ ಮೆಟ್ಟಿ, ತಿರುಗಿ ನಿಂತು ಕೇಳಿದೆ.

ಕೇಳೋ ಮೊದಲೇ ನನಗ ಗೊತ್ತಿತ್ತು. ಬಿಡುಗಡೆ ಮುಗಿಸಿ ಸಿದ್ದಾಪುರದಿಂದ ಬರುವಾಗ ಬಸ್ಸಿನಾಗ ಪುಸ್ತಕ ತೆಗೆದೆ. ನಲವತ್ತೊಂದನೇ ಪುಟ. ‘ಈ ರೆಕ್ಕೆ ತುದಿಯಿಂದ ತುದಿಗೆ ಇಪ್ಪತ್ತೆರಡು ಮಾರು.’ ನನ್ನ ಕರಡಿನಾಗ ಮೀಟರು ಐತಿ. ಕಮಲಾಕರ ವಿಜ್ಞಾನದ ಮಾಸ್ತರ, ಅವ ಲೆಕ್ಕ ಹಾಕಿದ್ರ ಹದಿನೆಂಟೂವರೆ ಬರೀತಿದ್ದ. ಆ ರೆಕ್ಕಿ ಇಪ್ಪತ್ತೆರಡು ಮಾರು ಆಗೋದು ಈ ಜಗತ್ತಿನಾಗ ಒಬ್ಬಾಕಿ ತೋಳಿಲೆ ಮಾತ್ರ.

ಮನಿಗೆ ಬಂದು ಟ್ರಂಕು ತೆಗೆದೆ. ಕೊರೊನಾ ಕಾಲದಾಗ ಒಂದು ವರ್ಷ ಕುಂತು ನೀ ಮಾಡಿದ ಶುದ್ಧಪ್ರತಿ, ಆರು ನೋಟುಬುಕ್ಕು, ಹಂಗ ಇದ್ದವು. ಅವತ್ತು ನನ್ನ ಮುಂದ ಇಟ್ಟಾಗ ‘ಇಡು, ಹೊಸ ಇಂಜಿನ್ನಿನ ಅಧ್ಯಾಯ ಸೇರಿಸಿ ಒಮ್ಮೆಲೇ ನೋಡ್ತೀನಿ’ ಅಂದಿದ್ದೆ. ನಾಕು ವರ್ಷ ಆತು. ಮೊದಲನೇ ಸಲ ಬಿಚ್ಚಿದೆ. ಪಟ್ಟಿ ಹಚ್ಚಿದ ರವಿಕಿ ಅಲ್ಲೇ ಇತ್ತು. ನಂಬುವ ಇಂಜಿನ್ನೂ ಅಲ್ಲೇ, ನಿನ್ನ ಅಕ್ಷರದಾಗ ಇತ್ತು. ನಾ ಬರೆದದ್ದನ್ನ ನೀ ನಕಲು ಮಾಡೀ ಅಂತ ತಿಳಕೊಂಡಿದ್ದೆ. ಅದರ ಬಾಜೂ ನನ್ನ ಮುನ್ನುಡಿಯ ಹಾಳಿ ಇತ್ತು. ಯಾರ ಯಾರ ಉಪಕಾರ ನೆನೆದೀನಿ ಅಂತ ನೋಡಿದೆ. ಹ್ಯಾಂಗರಿನಾಗ ಚಾ ಕೊಡ್ತಿದ್ದ ಯಲ್ಲಾಪುರದ ಕೆರಿಯನ ಹೆಸರು ಸೈತ ಐತಿ. ನಿನ್ನದು ಇಲ್ಲ.

ಇಷ್ಟಾದ್ರೂ ಸಿದ್ದಾಪುರಕ್ಕ ಒಂದು ಆಸೆ ಇಟ್ಟುಕೊಂಡೇ ಹೋದೆ. ಕಲ್ಲಯ್ಯನ ಹೆಸರಿನಾಗ ಅಚ್ಚು ಹಾಕಿಸ್ತೀನಿ ಅಂತ ಅವ ನಿನ್ನ ಮರುಳು ಮಾಡಿ ಇಸಗೊಂಡಿರಬೇಕು ಅಂತ. ಆ ಒಂದು ಮಾತು ಅವನ ಬಾಯಿಂದ ಬಂದಿದ್ರ ಅವನ ಜೋಡಿ ಜಗಳಾಡಿ, ನಿನಗ ನಾಕು ಸಾಲು ನಗಚಾಟಿಕಿ ಬರೆದು ಮುಗಿಸ್ತಿದ್ದೆ. ಅವ ತಲಿ ಕೆಳಗ ಹಾಕಿ ಹೇಳಿದ. ‘ಜಾತ್ರೆ ಬಟ್ಟೆ ಹೊಲಿಯೋ ಗಡಿಬಿಡಿಯಲ್ಲೂ ಗಿರಿಜಕ್ಕನೇ ಬಸ್ಸು ಹತ್ತಿ ಬಂದು ನೋಟುಬುಕ್ಕಿನ ಜೆರಾಕ್ಸ್ ಪ್ರತಿ ಕೊಟ್ರು. ಹೆಸರು ಯಾರದ್ದು ಹಾಕೋದು ಅಂತ ನಾನು ಕೇಳಿದೆ ಕ​ಲ್ಲಯ್ಯ, ಕೇಳದೇ ಹಾಕಿದ್ದಲ್ಲ.’ ಅದಕ್ಕ ನೀ ಹೇಳಿದ ಮಾತನ್ನ ಅವ ನಿನ್ನ ದನಿಯಾಗೇ ಹೇಳಿದ.

‘ಯಾರ ಹೆಸರರ ಹಾಕ್ರಿ ಸರ. ಅವರಂತೂ ಓದಲಿಲ್ಲ. ಯಾರರ ಓದ್ಲಿ.’

ಬೇಲಿನೇ ಹೊಲ ಮೇಯ್ದ್ರ ದೂರು ಯಾರ ಮುಂದ ಹೇಳ್ಲಿ? ನೀ ಮಾಡಿದ್ದು ಮೋಸ. ಅದನ್ನ ಬ್ಯಾರೆ ಹೆಸರಿಲೆ ಕರಿಯಾಕ ನನಗ ಬರೋದಿಲ್ಲ. ನನ್ನ ಹನ್ನೊಂದು ವರ್ಷ ಚೀಲದಾಗ ಹಾಕಿಕೊಂಡು ಹೋಗಿ ಕೊಟ್ಟುಬಂದಿ, ಬಂದು ನನಗ ಚಾ ಮಾಡಿಕೊಟ್ಟಿ, ಒಂದು ಮಾತು ಆಡಲಿಲ್ಲ. ಅವ ಮಾಡಿದ್ದನ್ನ ಮರೆತೇನು. ಇದನ್ನ ಮರೀತೀನಿ ಅಂತ ಹೇಳಲಾರೆ.

ನಿನ್ನೆ ಮಧ್ಯಾಹ್ನ ಪೂರಾ ಓದಿ ಮುಗಿಸಿದೆ. ನೋಟುಬುಕ್ಕು ಓದಾಕ ಕೈ ಬರಲಿಲ್ಲ, ಅಚ್ಚಾದದ್ದನ್ನೇ ಓದಿದೆ. ಭಾಳ ಛಲೋ ಬರೆದಿ, ಗಿರಿಜಾ. ನೀ ಬರೆದದ್ದನ್ನ ನಾ ಓದೋ ಹೊತ್ತಿಗೆ ಅದರ ಮ್ಯಾಲೆ ಕಮಲಾಕರನ ಹೆಸರಿತ್ತು.